ಫ್ರೆಂಚ್ ಸಿನಿಮಾ, ಫ್ರೆಂಚ್ ಒಂದು ಬಿಟ್ಟು

ಫ್ರಾನ್ಸ್‌ನೋರಿಗೆ ಭಾಷೆ ಅಂದ್ರೆ ಪ್ರಾಣ ಮಾರಾಯ್ರೇ. 1994ರಲ್ಲಿ ತೂಬೋಂ ಕಾನೂನು ಅಂತ ತಂದು ಜಾಹೀರಾತು, ಕಾಂಟ್ರಾಕ್ಟು ಎಲ್ಲಾ ಫ್ರೆಂಚಲ್ಲೇ ಇರ್ಬೇಕು ಅಂದ್ರು, ರೇಡಿಯೋಗೆ 40% ಫ್ರೆಂಚ್ ಹಾಡಿನ ಕೋಟಾ ಹಾಕಿದ್ರು, ಆಮೇಲೆ ಇಮೇಲ್ ಅನ್ಬೇಡಿ ಕೂರಿಯೆಲ್ ಅನ್ನಿ ಅಂತ ಸರ್ಕಾರಿ ಕಚೇರಿಗಳಿಗೆ ಆರ್ಡರ್ರೇ ಹೋಯ್ತು. ಭಾಷೆ ಕಾಯೋಕೆ ಅಂತಾನೇ ಒಂದು ಅಕಾಡೆಮಿ, ಅದ್ರಲ್ಲಿ 40 ಸೀಟು, ಕೂತೋರಿಗೆ "ಅಮರರು" ಅಂತ ಹೆಸರು (ಸಾಯ್ತಾರೆ, ಆದ್ರೂ ಅಮರರು).

ಆ ತೂಬೋಂ ಕಾನೂನು ಬಂದ ಮರುವರ್ಷನೇ, 1995ರಲ್ಲಿ, ತೋಸ್ಕಾಂ ದ್ಯು ಪ್ಲಾಂತಿಯೇ ಅನ್ನೋ ನಿರ್ಮಾಪಕ ಮತ್ತೆ ಎಡ್ವರ್ಡ್ ಬೆಹ್ರ್ ಅನ್ನೋ ಪತ್ರಕರ್ತ ಸೇರ್ಕೊಂಡು ಲೂಮಿಯೇರ್ ಪ್ರಶಸ್ತಿ ಅಂತ ಶುರು ಮಾಡಿದ್ರು. ಬಹುಮಾನ ಫ್ರೆಂಚ್ ಸಿನಿಮಾಗೆ, ಆರಿಸೋರು ಪ್ಯಾರಿಸ್ಸಲ್ಲಿರೋ ವಿದೇಶಿ ಪತ್ರಕರ್ತರು. ಅಮೆರಿಕದ ಗೋಲ್ಡನ್ ಗ್ಲೋಬ್ ಪ್ರಶಸ್ತಿ ನೋಡಿ ಮಾಡಿದ್ದು. ಐಡಿಯಾನೂ ಇಂಪೋರ್ಟು, ಜಡ್ಜುಗಳೂ ಇಂಪೋರ್ಟು. ಹೋಗ್ಲಿ, ಸಿನಿಮಾನಾದ್ರೂ ಲೋಕಲ್ಲಾ ಅಂತ ನೋಡೋಕೆ ಹೋದೆ ನೋಡಿ, ಅಲ್ಲೇ ಮಜಾ.

2012ರ ಅತ್ಯುತ್ತಮ ಚಿತ್ರ "ದಿ ಆರ್ಟಿಸ್ಟ್". ಕಥೆ ಹಾಲಿವುಡ್ಡಿಂದು, ಶೂಟಿಂಗ್ ಲಾಸ್ ಏಂಜಲಿಸ್‌ನಲ್ಲಿ, ಸಿನಿಮಾ ಮೂಕಿ. ಕೊನೆಗೊಂದು ಸಲ ನಾಯಕ ಬಾಯಿ ಬಿಡ್ತಾನೆ, ಎರಡು ಪದ, ಅದೂ ಇಂಗ್ಲಿಷಲ್ಲಿ! ಸಿನಿಮಾ ಪ್ರದರ್ಶನಕ್ಕೆ ನಾಂದಿ ಹಾಡಿದ ಲೂಮಿಯೇರ್ ಅಣ್ಣತಮ್ಮಂದಿರು 1895ರಲ್ಲಿ ತೋರ್ಸಿದ್ದೂ ಮಾತಿಲ್ಲದ ಚಿತ್ರಾನೇ ಬಿಡಿ, ಪ್ರಶಸ್ತಿ ಹೆಸರಿಗಾದ್ರೂ ನ್ಯಾಯ ಸಿಕ್ತು.

2015ರಲ್ಲಿ "ಟಿಂಬಕ್ಟು". ಮಾಲಿ ದೇಶದ ಕಥೆ, ಶೂಟಿಂಗ್ ಪಕ್ಕದ ಮಾರಿಟೇನಿಯಾದಲ್ಲಿ, ಅರಬ್ಬಿ, ಬಂಬಾರ, ತಮಾಷೆಕ್ (ತಮಾಷೆ ಅಲ್ಲ, ಭಾಷೆ ಹೆಸರೇ ಅದು), ಮಧ್ಯೆ ಉಪ್ಪಿನಕಾಯಿ ಥರ ಒಂಚೂರು ಫ್ರೆಂಚ್. 2016ರಲ್ಲಿ "ಮಸ್ಟಾಂಗ್", ಟರ್ಕಿ ಹಳ್ಳಿ, ಟರ್ಕಿ ಹುಡುಗೀರು, ಟರ್ಕಿ ಭಾಷೆ. ಆಸ್ಕರ್‌ಗೂ ಫ್ರಾನ್ಸ್ ಇದನ್ನೇ ಕಳಿಸ್ತು.

ಇದಕ್ಕೆಲ್ಲಾ ಕಳಸ ಇಟ್ಟಿದ್ದು 2025ರ "ಎಮಿಲಿಯಾ ಪೆರೆಜ್". ಕಥೆ ಮೆಕ್ಸಿಕೋದು, ಭಾಷೆ ಸ್ಪ್ಯಾನಿಷ್, ನಾಯಕಿ ಸ್ಪೇನ್‌ನೋಳು, ಬಹುಪಾಲು ಶೂಟಿಂಗ್ ಪ್ಯಾರಿಸ್ ಹತ್ರದ ಸ್ಟುಡಿಯೋದಲ್ಲಿ ಮೆಕ್ಸಿಕೋ ಸೆಟ್ ಹಾಕಿ, ನಿರ್ದೇಶಕ ಜಾಕ್ ಓಡಿಯಾರ್‌ಗೆ ಸ್ಪ್ಯಾನಿಷ್ ಬರಲ್ಲ! ಈ ಪುಣ್ಯಾತ್ಮ ಹಿಂದೆ "ದೀಪನ್" ಅಂತ ಮುಕ್ಕಾಲುಪಾಲು ತಮಿಳಲ್ಲೇ ಸಿನಿಮಾ ಮಾಡಿ 2015ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಬಹುಮಾನ ಹೊಡ್ಕೊಂಡು ಹೋದೋರು, ಸೋ ಗೊತ್ತಿಲ್ಲದ ಭಾಷೆ ಅವ್ರಿಗೆ ಲಕ್ಕಿ ಅನ್ಸುತ್ತೆ. ಲೂಮಿಯೇರ್‌ನೋರು ಎಮಿಲಿಯಾಗೆ 5 ಪ್ರಶಸ್ತಿ ಕೊಟ್ರು. ಪಾಪ ವಿದೇಶಿಯರು, ಗೊತ್ತಾಗ್ಲಿಲ್ಲ ಅನ್ಕೊಂಡ್ರೆ, ಫ್ರೆಂಚ್ ಸಿನಿಮಾದೋರೇ ವೋಟ್ ಹಾಕೋ ಸೆಝಾರ್‌ನಲ್ಲಿ 7 ಬಂತು.

ಲೆಕ್ಕ ಸಿಂಪಲ್ಲು, ದುಡ್ಡು ಯಾರದ್ದೋ ಸಿನಿಮಾ ಅವ್ರದ್ದು. ನಮ್ಮಲ್ಲಿ ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರೆ, ಅಲ್ಲಿ ದುಡ್ಡು ಪ್ಯಾರಿಸ್ಸಿಂದಾದ್ರೆ ಜಾತ್ರೆ ಎಲ್ಲೇ ನಡೀಲಿ, ತೇರೆಳೆಯೋರು ಯಾವ ಭಾಷೇಲೇ ಕೂಗ್ಲಿ, ಎಲ್ಲಮ್ಮ ಮಾತ್ರ ಫ್ರೆಂಚ್. ನಂಗೇನೂ ಬೇಜಾರಿಲ್ಲ ಇದ್ರಲ್ಲಿ, ಅವ್ರು ದುಡ್ಡು ಹಾಕದೇ ಇದ್ರೆ ಟಿಂಬಕ್ಟು ಥರದ್ದು ನಾವ್ ನೋಡ್ತಾನೇ ಇರ್ಲಿಲ್ಲ. ಆದ್ರೆ ಇಮೇಲ್ ಅಂದ್ರೆ ಗದರೋ ದೇಶ ಇದು, ಅದನ್ನ ಮರೀಬೇಡಿ.

ಮೆಕ್ಸಿಕೋದೋರು ಮಾತ್ರ ಬಿಡ್ಲಿಲ್ಲ. ಎಮಿಲಿಯಾ ನೋಡಿ ಉರ್ಕೊಂಡು 2025ರ ಜನವರಿಲಿ "ಜೋಹಾನ್ ಸಾಕ್ರೆಬ್ಲೂ" ಅಂತ ಒಂದು ಅಣಕು ಕಿರುಚಿತ್ರ ಮಾಡಿ ಯೂಟ್ಯೂಬಿಗೆ ಬಿಟ್ರು. ಕಥೆ ಫ್ರಾನ್ಸಿಂದು, ಪಾತ್ರ ಮಾಡಿದೋರು ಮೆಕ್ಸಿಕೋದೋರು, ತಲೆಗೆ ಬೆರೆ ಟೋಪಿ, ಮುಖಕ್ಕೆ ಬರೆದ ಮೀಸೆ, ಕೈಲಿ ಉದ್ದದ ಬ್ರೆಡ್ಡು. ಇದನ್ನ ಲೂಮಿಯೇರ್‌ಗೆ ಕಳಿಸಿದ್ರೆ ಏನಂತ ರಿಜೆಕ್ಟ್ ಮಾಡ್ತಾರೋ ನೋಡ್ಬೇಕು. ಫ್ರಾನ್ಸ್ ಸ್ವಲ್ಪ ಜಾಸ್ತಿ ಆಯ್ತು ಅಂತಾನಾ?