ಕೊರ್ಡೋಬಾದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ

ಸ್ಪೇನ್‌ಗೆ ಹೋಗಿಬಂದ ನಮ್ಮವರನ್ನು ಮಾತನಾಡಿಸಿದಾಗಲೆಲ್ಲ ನನಗೊಂದು ಬೇಸರ ಉಳಿಯುತ್ತದೆ. ಬಾರ್ಸಿಲೋನಾ, ಮ್ಯಾಡ್ರಿಡ್‌ಗಳಲ್ಲಿಯೇ ದಿನಗಳೆಲ್ಲ ಕಳೆದುಹೋಗಿ, ದಕ್ಷಿಣದ ಆಂಡಲೂಸಿಯಾ ಒಂದೇ ದಿನದ ಓಡಾಟದಲ್ಲಿ ಮುಗಿದಿರುತ್ತದೆ. ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿಯ ಸಗ್ರಾಡಾ ಫಮೀಲಿಯಾ ಚರ್ಚ್ ನೋಡಲೇಬೇಕಾದದ್ದು, ನಿಜ. ಆದರೂ ಕೈಯಲ್ಲಿ ಎಂಟು ದಿನಗಳಿದ್ದರೆ ಐದನ್ನು ಆಂಡಲೂಸಿಯಾದ ಕೊರ್ಡೋಬಾ ಮತ್ತು ಗ್ರನಾಡಾ ನಗರಗಳಿಗೆ ಕೊಡಿ ಎಂಬುದು ನನ್ನ ಬಲವಾದ ಅಭಿಪ್ರಾಯ.

ಕೊರ್ಡೋಬಾದ ಮೆಸ್ಕೀಟಾ 8ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಮುಸ್ಲಿಂ ದೊರೆ ಒಂದನೇ ಅಬ್ದುಲ್ ರಹಮಾನನು ಆರಂಭಿಸಿ, ಮುಂದಿನ ಇನ್ನೂರು ವರ್ಷಗಳಲ್ಲಿ ಮತ್ತೆ ಮತ್ತೆ ವಿಸ್ತಾರಗೊಂಡ ಮಸೀದಿ. ಒಳಗೆ ಎಂಟುನೂರಕ್ಕೂ ಹೆಚ್ಚು ಕಂಬಗಳಿವೆ. ಮೊದಲ ಭಾಗದ ಕಂಬಗಳಲ್ಲಿ ಹೆಚ್ಚಿನವು ಹಳೆಯ ರೋಮನ್ ಕಟ್ಟಡಗಳಿಂದ ಮತ್ತು ರೋಮನ್ನರ ನಂತರ ಅಲ್ಲಿ ಆಳಿದ ವಿಸಿಗೋಥರ ಕಟ್ಟಡಗಳಿಂದ ತಂದವು; ಅವು ಗಿಡ್ಡವಾಗಿದ್ದುದರಿಂದ ಚಾವಣಿಯನ್ನು ಎತ್ತರಿಸಲು ಶಿಲ್ಪಿಗಳು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಂಪು ಇಟ್ಟಿಗೆ, ಬಿಳಿಗಲ್ಲುಗಳ ಆ ಜೋಡಿ ಕಮಾನುಗಳ ಸಾಲು ಕೊರತೆಯೊಂದಕ್ಕೆ ಹುಡುಕಿಕೊಂಡ ಪರಿಹಾರವೆಂದು ತಿಳಿದಾಗ ನನಗೆ ಆ ಕೆಲಸಗಾರರ ಮೇಲಿದ್ದ ಗೌರವ ಇಮ್ಮಡಿಯಾಯಿತು. 1236ರಲ್ಲಿ ನಗರ ಕ್ರೈಸ್ತ ದೊರೆಯ ವಶವಾದ ಮೇಲೆ ಅದು ಚರ್ಚ್ ಆಯಿತು. 16ನೇ ಶತಮಾನದಲ್ಲಿ ಕಂಬಗಳ ನಟ್ಟನಡುವೆ ಎತ್ತರದ ಕೆಥೆಡ್ರಲ್ ಎದ್ದಿತು. ನಸುಗತ್ತಲೆಯ ಕಂಬಗಳ ನಡುವಿನಿಂದ ಥಟ್ಟನೆ ಆ ಬೆಳಕಿಗೆ ಬಂದು ನಿಂತಾಗ ಮನಸ್ಸು ಮೆಚ್ಚುಗೆ ಮತ್ತು ನೋವುಗಳ ನಡುವೆ ತೂಗಾಡುತ್ತದೆ. ನಾನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದೆ. ರಾತ್ರಿ ಅಲ್ಲೇ ತಂಗಿದವರಿಗೆ ಮಾತ್ರ ಸಿಗುವ ನಿಶ್ಶಬ್ದ ಅದು. ಪ್ರವಾಸಿ ಬಸ್ಸುಗಳು ಬಂದ ಮೇಲೆ ಸಿಗುವುದಿಲ್ಲ.

ಹೊರಗಿನ ಅಂಗಳದ ಕಿತ್ತಳೆ ಮರಗಳನ್ನೂ ನಿಂತು ನೋಡಿ. ನಮ್ಮ ನಾರಂಗಿ, ಸಕ್ಕರೆಗಳ ಬಂಧುಪದಗಳೇ ಪರ್ಷಿಯನ್, ಅರಬ್ಬಿ ನಾಲಿಗೆಗಳನ್ನು ದಾಟಿ ಸ್ಪ್ಯಾನಿಷ್‌ನಲ್ಲಿ ನರಾಂಹಾ, ಅಸೂಕಾರ್ ಆಗಿವೆ.

ಗ್ರನಾಡಾದ ಅಲ್ಹಾಂಬ್ರಾ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯದ ಅರಮನೆ. 1492ರ ಜನವರಿ 2ರಂದು ಅದು ಕ್ರೈಸ್ತ ರಾಣಿ ಇಸಬೆಲ್ಲಾ ಮತ್ತು ಆಕೆಯ ಪತಿ ರಾಜ ಫರ್ಡಿನಾಂಡರ ಕೈಸೇರಿತು. ಅದರೊಳಗಿನ, ಆ ರಾಜ್ಯವಾಳಿದ ನಾಸ್ರಿದ್ ವಂಶದ ಅರಮನೆಗಳಿಗೆ ಟಿಕೆಟ್‌ನಲ್ಲಿ ನಮೂದಿಸಿದ ಸಮಯಕ್ಕೆ ಮಾತ್ರ ಪ್ರವೇಶ, ಆದ್ದರಿಂದ ವಿಮಾನದ ಟಿಕೆಟ್ ಆದ ಕೂಡಲೇ ಅದನ್ನೂ ಕಾಯ್ದಿರಿಸಿ, ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ಒಳಗೆ ಹೋದಾಗ ಫೋನು ಸ್ವಲ್ಪ ಹೊತ್ತು ಜೇಬಿನಲ್ಲಿರಲಿ. ದಾರ್ರೋ ನದಿಯ ಮೇಲ್ಭಾಗದಿಂದ ಕಾಲುವೆಯಲ್ಲಿ ತಂದ ನೀರು ಬೆಟ್ಟದ ಮೇಲಿನ ತೋಟಗಳಲ್ಲಿ, ಹನ್ನೆರಡು ಸಿಂಹಗಳ ಕಾರಂಜಿಯಲ್ಲಿ ಹರಿಯುವ ಸದ್ದನ್ನು ಕೇಳದೆ ಬಂದರೆ ಅರ್ಧ ಅರಮನೆಯನ್ನು ಬಿಟ್ಟು ಬಂದಂತೆ.

ಆಂಡಲೂಸಿಯಾದ ಹಾಡು-ಕುಣಿತದ ಕಲೆಯಾದ ಫ್ಲಮೆಂಕೋವನ್ನು ಗ್ರನಾಡಾದ ಸಾಕ್ರೊಮೊಂಟೆ ಬಡಾವಣೆಯ ಗುಹೆಮನೆಗಳಲ್ಲಿ ನೋಡಿ. ಅದನ್ನು ಬೆಳೆಸಿದವರಲ್ಲಿ ಪ್ರಮುಖರಾದ ಗಿಟಾನೋ, ಅಂದರೆ ಸ್ಪೇನಿನ ರೋಮಾ (ಜಿಪ್ಸಿ) ಜನರ ಪೂರ್ವಜರು ಶತಮಾನಗಳ ಹಿಂದೆ ಭಾರತದಿಂದ ಹೊರಟವರು. ಅವರ ಕಲೋ ನುಡಿಯಲ್ಲಿ ನೀರಿಗೆ ಇಂದಿಗೂ ‘ಪಾನ್ಯಿ’ ಎನ್ನುತ್ತಾರೆ. ಸೊಲೆಯಾ ಎಂಬ ಫ್ಲಮೆಂಕೋ ಪ್ರಕಾರದ ಹನ್ನೆರಡು ಮಾತ್ರೆಗಳ ಆವರ್ತಕ್ಕೆ ಅವರು ಚಪ್ಪಾಳೆ ತಟ್ಟುವಾಗ, ತಾಳ ಹಾಕಿ ಬೆಳೆದ ನಮ್ಮ ಕೈ ಸುಮ್ಮನಿರುವುದಿಲ್ಲ.

ಜುಲೈ, ಆಗಸ್ಟ್ ಬೇಡ. ಬಿಸಿಲು 40 ಡಿಗ್ರಿ ದಾಟುತ್ತದೆ. ಮೇ ತಿಂಗಳಲ್ಲಿ ಹೋಗಿ. ಆಗ ಕೊರ್ಡೋಬಾದ ಮನೆಗಳವರು ತಮ್ಮ ಹೂವಿನ ಒಳಾಂಗಣಗಳ ಬಾಗಿಲನ್ನು ಅಪರಿಚಿತರಿಗೂ ತೆರೆದಿಡುತ್ತಾರೆ, ಗೋಡೆಯ ಎತ್ತರದಲ್ಲಿ ತೂಗುವ ಕುಂಡಗಳಿಗೆ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ತಗಡಿನ ಡಬ್ಬಿಯಿಂದ ಒಂದೊಂದಾಗಿ ನೀರುಣಿಸುತ್ತಾರೆ.