ಅಪ್ಪ ಇಲ್ಲದ್ದಕ್ಕಿಂತ ದುಡ್ಡು ಇಲ್ಲದ್ದೇ ಜಾಸ್ತಿ ಕಾಡಿತ್ತು

ಅಪ್ಪ ಜೊತೆಗಿಲ್ಲದ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ, ಹಾದಿ ತಪ್ಪುತ್ತಾರೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಅರ್ಧ ಮಾತು ಬಿಟ್ಟುಹೋಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಸಾರಾ ಮೆಕ್‌ಲನಹನ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಇಂಥ ಮಕ್ಕಳ ಹಿನ್ನಡೆಗೆ ಹೆಚ್ಚುಕಮ್ಮಿ ಅರ್ಧದಷ್ಟು ಕಾರಣ ಮನೆಯ ಕಡಿಮೆ ಆದಾಯ ಎಂದು 1994ರಲ್ಲೇ ತೋರಿಸಿದ್ದರು.

ನಮ್ಮಪ್ಪ ಮನೆ ಬಿಟ್ಟು ಹೋದಾಗ ನನಗೆ ಏಳು ವರ್ಷ. ಅಮ್ಮ ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿ ನನ್ನನ್ನೂ ತಂಗಿಯನ್ನೂ ಸಾಕಿದರು. ರಾತ್ರಿ ಹನ್ನೊಂದಾದರೂ ಮಿಷನ್ ಸದ್ದು ನಿಲ್ಲುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅಪ್ಪ ಇಲ್ಲ ಅನ್ನುವುದಕ್ಕಿಂತ ಒಂದೇ ರೂಮಿನಲ್ಲಿದ್ದೂ ಅಮ್ಮ ಮಾತಿಗೆ ಸಿಗುತ್ತಿರಲಿಲ್ಲ ಅನ್ನುವುದೇ ನನಗೆ ನೋವಾಗುತ್ತಿತ್ತು. ಸೈಕಲ್ ಕಲಿಸಿದ್ದು, ಲೆಕ್ಕ ಹೇಳಿಕೊಟ್ಟಿದ್ದು, ಕಿವಿ ಹಿಂಡಿದ್ದು ಎಲ್ಲಾ ಸೋದರಮಾವ. (ಕಿವಿ ಹಿಂಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು!)

ಕುಗ್ಗಿಸಿದ್ದು ಮಾತ್ರ ಶಾಲೆ. ಪ್ರತಿ ಜೂನ್‌ನಲ್ಲಿ ಇಡೀ ಕ್ಲಾಸಿನ ಮುಂದೆ "ಅಪ್ಪನ ಸಹಿ ಎಲ್ಲೋ?" ಎಂದು ಕೇಳುತ್ತಿದ್ದರು. ಮಗುವಿಗೆ ಆಗ ಏನನ್ನಿಸುತ್ತದೆ ಎಂದು ಯಾರೂ ಯೋಚಿಸುವುದಿಲ್ಲ, ಅಲ್ವಾ?

ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಲು ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2016ರ ಕೊನೆಗೆ ಪಾಸ್‌ಪೋರ್ಟ್ ಅರ್ಜಿಯಲ್ಲೂ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂದಾಯಿತು. ಹೋದ ವರ್ಷ ತಂಗಿಯ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋಗಿದ್ದೆ. ಫಾರಂನ ಎರಡನೇ ಸಾಲು ಈಗಲೂ ಅದೇ: ತಂದೆಯ ಹೆಸರು, ಕಡ್ಡಾಯ.