ಸತ್ಯಾಂಶ: ಕೊಡಗಿನ ಜನಸಂಖ್ಯೆ ಇಮ್ಮಡಿಯಾಗಿದೆಯೇ?

‘ಹತ್ತೇ ವರ್ಷಗಳಲ್ಲಿ ಕೊಡಗಿನ ಜನಸಂಖ್ಯೆ ಇಮ್ಮಡಿಯಾಗಿದೆ, ಅರ್ಧದಷ್ಟು ಜನ ವಲಸಿಗರೆಂದು ಜನಗಣತಿಯೇ ಹೇಳಿದೆ’ ಎಂಬ ಸಂದೇಶವೊಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದರ ಮೊದಲ ಭಾಗ ಸುಳ್ಳು. ಎರಡನೆಯದು ‘ವಲಸಿಗ’ರ ಲೆಕ್ಕವನ್ನು ತಪ್ಪಾಗಿ ಓದಿದ್ದರ ಫಲ.

2001ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 5.48 ಲಕ್ಷವಿತ್ತು, 2011ರಲ್ಲಿ ಅದು ಸುಮಾರು 5.54 ಲಕ್ಷ. ಇಡೀ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆದ ಆ ದಶಕದಲ್ಲಿ ಕೊಡಗಿನ ಬೆಳವಣಿಗೆ ಶೇ 1ರ ಆಸುಪಾಸಿನಲ್ಲೇ ಉಳಿಯಿತು. 2021ರ ಗಣತಿ ನಡೆಯದೆ ಮುಂದಕ್ಕೆ ಹೋದ ಕಾರಣ, ‘2021ರ ಗಣತಿ’ಯ ಹೆಸರಿನಲ್ಲಿ ಬರುವ ಅಂಕಿಗಳಿಗೆ ಆಧಾರವಿಲ್ಲ.

ವಲಸೆಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಂದೆ ಬೇರೊಂದು ಊರಿನಲ್ಲಿ ವಾಸವಿದ್ದವರನ್ನೆಲ್ಲ ಗಣತಿಯು ವಲಸಿಗರೆಂದೇ ದಾಖಲಿಸುತ್ತದೆ. ಪಿರಿಯಾಪಟ್ಟಣದಿಂದ ಕುಶಾಲನಗರಕ್ಕೆ ಮದುವೆಯಾಗಿ ಬಂದ ಸೊಸೆ ಮಾತ್ರವಲ್ಲ, ನಾಪೋಕ್ಲಿನಿಂದ ಮಡಿಕೇರಿಗೆ ಬಂದು ನೆಲೆಸಿದ ಗುಮಾಸ್ತರೂ ಈ ಲೆಕ್ಕದಲ್ಲಿ ಸೇರುತ್ತಾರೆ. ದೇಶದಲ್ಲಿ ಹೀಗೆ ಊರು ಬದಲಿಸಿದವರು ಹೇಳಿದ ಕಾರಣಗಳಲ್ಲಿ ಮದುವೆಯೇ ಮೊದಲನೆಯದು. ಸಂದೇಶ ಬರೆದವರಿಗೆ ಈ ಸೊಸೆಯಂದಿರು ನೆನಪಾಗಿರಲಿಕ್ಕಿಲ್ಲ.

ಹಾಗೆಂದು ಅಸ್ಸಾಂ ಮೊದಲಾದ ಕಡೆಗಳಿಂದ ಕಾರ್ಮಿಕರು ತೋಟಗಳಿಗೆ ಬರುತ್ತಿರುವುದು ಸುಳ್ಳಲ್ಲ. ಆದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗೋಣಿಕೊಪ್ಪದ ಸಂತೆಯಲ್ಲಿ ಕಂಡ ಮುಖಗಳನ್ನು ಎಣಿಸಿ ಜಿಲ್ಲೆಯ ಲೆಕ್ಕ ಹಾಕಲಾಗದು, ಏಕೆಂದರೆ ಸಂತೆಗೆ ಬಂದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ, ಬೆಂಗಳೂರು, ಮೈಸೂರುಗಳಿಗೆ ಓದಿಗೂ ಕೆಲಸಕ್ಕೂ ಹೋದ ನಮ್ಮ ಮಕ್ಕಳು ಅಲ್ಲಿ ಕಾಣುವುದಿಲ್ಲ. ಸಮಾಜ ವಿಜ್ಞಾನದ ಸಂಶೋಧಕರು ಕೊಯ್ಲಿನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ತೋಟದ ಕಾರ್ಮಿಕರು ವಾಸಿಸುವ ಅದೇ ಲೈನ್‌ಮನೆಗಳಿಗೆ (ಸಾಲುಮನೆಗಳಿಗೆ) ಹೋಗಿ ವಿಚಾರಿಸುವುದು ಈ ಕಾರಣಕ್ಕಾಗಿಯೇ: ಯಾರು ನೆಲೆಸಿದರು, ಯಾರು ಹಿಂದಿರುಗಿದರು ಎಂಬುದು ಆಗಷ್ಟೇ ತಿಳಿಯುತ್ತದೆ.